ಹಿರಿಯೂರು ಬಸ್ಸಿನಲ್ಲಿ ದಕ್ಷಿಣ ಆಫ್ರಿಕಾದ ಕೊಲೆ

ಕೊಲೆ ಎಂದರೆ ಮಂಜು ಕವಿದ ಊರಿನಲ್ಲೇ ಆಗಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಇಂಗ್ಲಿಷ್ ಪಾಠ ಮಾಡುವವಳು ನಾನು, ಓದಿದ ಪತ್ತೇದಾರಿ ಕಾದಂಬರಿಗಳೆಲ್ಲ ಚಳಿದೇಶದವೇ. ಅಲ್ಲಿ ಸದಾ ಮಳೆ ಜಿನುಗುತ್ತಿರುತ್ತದೆ, ಬೆಂಕಿಗೂಡಿನ ಮುಂದೆ ಕುಳಿತವರು ಚಹಾ ಹೀರುತ್ತ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಚಿತ್ರದುರ್ಗದ ಏಪ್ರಿಲ್ಲಿನಲ್ಲಿ, ಬಿಸಿಗಾಳಿಯನ್ನೇ ತಿರುಗಿಸಿ ನಮ್ಮ ಮುಖಕ್ಕೆ ಎಸೆಯುವ ಫ್ಯಾನಿನ ಕೆಳಗೆ ಅದನ್ನು ಓದುವಾಗ ಕೊಲೆಗಾರನ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಆ ಚಳಿಯ ಮೇಲೆ ಹೊಟ್ಟೆಕಿಚ್ಚು ಬರುತ್ತಿತ್ತು.

ಒಂದು ಸಂಜೆ ಸಂತೇಹೊಂಡದ ಹತ್ತಿರ ರಸ್ತೆಬದಿಯಲ್ಲಿ ಹಳೇ ಪುಸ್ತಕ ಹರಡಿಕೊಂಡಿದ್ದವನ ಬಳಿ, ಪರೀಕ್ಷೆಯ ಗೈಡುಗಳ ನಡುವೆ ರಟ್ಟು ಕಿತ್ತುಹೋದ ಒಂದು ಕಾದಂಬರಿ ಸಿಕ್ಕಿತು. ಮೊದಲ ಸಾಲಿನಲ್ಲೇ ಬಿಸಿಲು. ಎರಡನೆಯದರಲ್ಲಿ ಕುರಿಗಳು. ಬೋಳು ಬಯಲು, ಮುಳ್ಳಿನ ಪೊದೆ, ಗಾಳಿಗೆ ಕಿರುಗುಟ್ಟುವ ಚಕ್ರ, ಅದರ ಕೆಳಗೆ ಹೆಣ. ಮಧ್ಯಾಹ್ನದೊಳಗೆ ಎತ್ತದಿದ್ದರೆ ವಾಸನೆ ಬರುತ್ತದೆ ಎಂದು ಪೊಲೀಸಿನವನಿಗೆ ಚಿಂತೆ. ನಾನು ಅಲ್ಲೇ ನಿಂತು ಓದತೊಡಗಿದೆ. ಇದು ದಕ್ಷಿಣ ಆಫ್ರಿಕಾ ಎಂದು ಹಿಂದಿನ ಪುಟ ಹೇಳುತ್ತಿತ್ತು. ಸುಳ್ಳು, ಇದು ನಮ್ಮ ಹಿರಿಯೂರು ದಾರಿಯ ಐಮಂಗಲ ಎಂದು ನನ್ನ ಕಣ್ಣು ಹೇಳುತ್ತಿತ್ತು. ಮಂಜಿಲ್ಲದ ಊರಿನಲ್ಲೂ ರಹಸ್ಯ ಇರಬಹುದು ಎಂದು ಅವತ್ತು ಗೊತ್ತಾದ ಖುಷಿಯನ್ನು ಹೇಗೆ ಹೇಳಲಿ? ನಮ್ಮ ಬಟ್ಟಬಯಲಿಗೇ ಯಾರೋ ಮರ್ಯಾದೆ ಕೊಟ್ಟಂತಾಯಿತು.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ತರಿಸಿಕೊಂಡೆ. ಕಡಲತೀರದ ಊರಿನ ಕೊಲೆ, ಚಿನ್ನದ ಗಣಿಯ ಕೊಲೆ, ದ್ರಾಕ್ಷಿ ತೋಟದ ಕೊಲೆ, ಯಾವುದನ್ನೂ ಬಿಡಲಿಲ್ಲ. ಆ ಪುಸ್ತಕಗಳಲ್ಲಿ ಜನ ಜಗಲಿಯ ಮೇಲೆ ಕೂರುತ್ತಾರೆ. ಮೆಕ್ಕೆಜೋಳದ ಹಿಟ್ಟು ತೊಳಸಿ ಮುದ್ದೆಯಂಥದ್ದನ್ನು ಮಾಡಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಹಿರಿಯೂರಿನ ಒಂದು ಚಹಾದಂಗಡಿಯಲ್ಲೇ ಕನ್ನಡ, ತೆಲುಗು, ಉರ್ದು ಮೂರೂ ಕೇಳುವ ಹಾಗೆ ಅಲ್ಲಿನ ಪತ್ತೇದಾರ ಎದುರಿಗಿರುವವರನ್ನು ನೋಡಿ ಭಾಷೆ ಬದಲಿಸುತ್ತಾನೆ, ಯಾವ ಭಾಷೆಯಲ್ಲಿ ಸುಳ್ಳು ಹೇಳಿದರು ಎನ್ನುವುದೇ ಅಲ್ಲಿ ಅರ್ಧ ಸುಳಿವು. ಅವರು ಚಾಟಿಗೆ ಬಳಸುವ 'ಶಾಂಬಾಕ್' ಎಂಬ ಪದವನ್ನು ಗಟ್ಟಿಯಾಗಿ ಓದಿ ನೋಡಿದರೆ ನಮ್ಮ ಚಾಬೂಕು! ಅವತ್ತು ನಾನು ಮನೆಯಲ್ಲಿ ಕೂಗಿದ ರೀತಿಗೆ ಗಂಡ ಹಲ್ಲಿ ಬಿದ್ದಿತೇನೋ ಎಂದು ಪೊರಕೆ ಹಿಡಿದು ಓಡಿಬಂದರು. "ಈ ಮನೆಯವಳಿಗೆ ಜೋಹಾನ್ಸ್‌ಬರ್ಗಿನ ಗಲ್ಲಿಗಲ್ಲಿ ಗೊತ್ತೈತೆ, ಗ್ಯಾಸ್ ಏಜೆನ್ಸಿ ಎಲ್ಲೈತೆ ಅಂತ ಗೊತ್ತಿಲ್ಲ" ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಲಿ. ಗ್ಯಾಸ್ ಏಜೆನ್ಸಿಯಲ್ಲಿ ಏನು ನಡೆಯುತ್ತದೆ ಎಂದು ನೋಡಲು ಹೋಗಲಿ?

ಆದರೆ ಒಂದು ಸಂಕಟವಿತ್ತು. ಇಷ್ಟೊಂದು ಕೊಲೆಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಎಷ್ಟು ದಿನ ಸುಮ್ಮನಿರುವುದು? ಗಂಡನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಸಸ್ಪೆನ್ಸ್ ಬೇಡ. ಸ್ಟಾಫ್ ರೂಮಿನಲ್ಲಿ ಬಾಯಿ ತೆರೆದರೆ ವೇತನ ಆಯೋಗದ ಮಾತು ಬರುತ್ತದೆ. ಚಿತ್ರದುರ್ಗದಿಂದ ಹಿರಿಯೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಒಬ್ಬಳೇ ಓದುವುದು, ಒಬ್ಬಳೇ ಬೆಚ್ಚುವುದು, ಒಬ್ಬಳೇ ನಗುವುದು. ಹೇಳಿಕೊಳ್ಳಲು ಜನ ಇಲ್ಲದೆ ನಾನು ಒಳಗೊಳಗೇ ಒಣಗಿದ್ದೆ ಎನ್ನುವುದು ನರ್ಸಮ್ಮ ಸಿಕ್ಕ ಮೇಲೆಯೇ ನನಗೆ ತಿಳಿದದ್ದು.

ಹಿರಿಯೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವರು ಅದೇ ಬಸ್ಸಿಗೆ ಬರುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಕುಳಿತವರು ನನ್ನ ಮುಖವನ್ನೇ ನೋಡುತ್ತ, "ಏನ್ರಿ ಮೇಡಂ, ಬಿ.ಪಿ. ಏನಾರ ಐತಾ? ಮುಖ ಹಿಂಗ್ಯಾಕೆ ಕೆಂಪಾಗೈತೆ?" ಎಂದರು. ಬಿ.ಪಿ. ಅಲ್ಲ, ಬಾವಿಯಲ್ಲಿ ಎರಡನೇ ಹೆಣ ಸಿಕ್ಕಿದೆ ಎಂದೆ. ಅವರು ಬ್ಯಾಗನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಕಾಲು ಮಡಚಿ, "ಮೊದಲ್ನಿಂದ ಹೇಳ್ರಿ" ಎಂದರು. ಅಷ್ಟೇ. ಅವತ್ತಿನಿಂದ ನಾನು ಪುಸ್ತಕವನ್ನು ಮನೆಯಲ್ಲಿ ಮುಟ್ಟುವುದೇ ಬಿಟ್ಟೆ. ಬಸ್ಸಿನಲ್ಲೇ ತೆರೆದು, ಒಂದೊಂದೇ ಪುಟ ಕಣ್ಣಾಡಿಸಿ ಅಲ್ಲೇ ಕನ್ನಡ ಮಾಡಿ ಹೇಳುವುದು. ಮುಂದೇನಾಗುತ್ತದೆಂದು ನನಗೂ ಗೊತ್ತಿರಬಾರದು, ಆಗಲೇ ಮಜಾ.

ಸ್ವಲ್ಪ ದಿನಕ್ಕೆ ಹಿಂದಿನ ಸೀಟಿನಿಂದ ಒಂದು ತಲೆ ನಮ್ಮಿಬ್ಬರ ನಡುವೆ ತೂರಿತು. ತುರುವನೂರಿನವರು, ಮಹಿಳಾ ಹೆಡ್ ಕಾನ್‌ಸ್ಟೇಬಲ್. ಅವರು ಕೇಳಲು ಬಂದದ್ದಲ್ಲ, ತಪ್ಪು ಹಿಡಿಯಲು ಬಂದದ್ದು. ನಮ್ಮ ಪತ್ತೇದಾರ ಹೊಲದಲ್ಲಿ ರಕ್ತ ಹತ್ತಿದ ಕತ್ತಿ ಎತ್ತಿಕೊಂಡಾಗ, "ಪಂಚರೆಲ್ಲಿ?" ಎಂದರು. ಯಾವ ಪಂಚರು ಎಂದೆ. "ಮಹಜರು ಮಾಡೋವಾಗ ಇಬ್ರು ಪಂಚರು ಸಾಕ್ಷಿ ಇರ್ಬೇಕಲ್ರಿ! ಒಬ್ಬನೇ ಹೋಗಿ ಎತ್ಕಂಡನಾ? ಬಿತ್ತು ಬಿಡ್ರಿ ಕೇಸು." ನರ್ಸಮ್ಮನಿಗೆ ರೇಗಿಹೋಯಿತು. "ನೀವ್ ಸುಮ್ನೆ ಕುಂತ್ಕಳ್ರಿ, ಇದು ನಿಮ್ ಸ್ಟೇಷನ್ನಲ್ಲ" ಎಂದರು. ಕಾನ್‌ಸ್ಟೇಬಲಮ್ಮ ಹಿಂದೆ ಸರಿಯಲಿಲ್ಲ. ತಮ್ಮೂರಿನವರು ಸ್ವಾತಂತ್ರ್ಯ ಹೋರಾಟದಲ್ಲಿ ಬ್ರಿಟಿಷರಿಗೇ ಹೆದರದೆ ಈಚಲು ಮರ ಕಡಿದವರು ಎಂದು ನೆನಪಿಸಿ, ಮುಂದಿನ ಸೀಟಿಗೇ ಬಂದು ಕುಳಿತರು. ಕಂಡಕ್ಟರ್ ನಮ್ಮ ಮೂವರ ಆಧಾರ್ ಕಾರ್ಡ್ ನೋಡಿ ಸೊನ್ನೆ ಟಿಕೆಟ್ ಹರಿಯುವಾಗ, "ಇವತ್ ಯಾರನ್ನ ಕೊಂದ್ರಮ್ಮ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ.

ನನ್ನ ಇಂಗ್ಲಿಷಿಗೆ ಮೊದಲ ಪೆಟ್ಟು ಬಿದ್ದದ್ದು ರೋಬೋಟಿನಿಂದ. ಪತ್ತೇದಾರ ಕಾರು ಓಡಿಸುತ್ತ ರೋಬೋಟ್ ಬಳಿ ನಿಂತ ಎಂದಿತ್ತು. ಎಷ್ಟು ಮುಂದುವರಿದ ದೇಶ ಎಂದುಕೊಂಡು, "ಅಲ್ಲಿ ಸರ್ಕಲ್ಲಿನಲ್ಲಿ ರೋಬೋಟ್ ನಿಲ್ಲಿಸಿದ್ದಾರೆ" ಎಂದೆ. "ಟ್ರಾಫಿಕ್ ಡ್ಯೂಟಿಗಾ?" ಎಂದು ಕಾನ್‌ಸ್ಟೇಬಲಮ್ಮನ ಕಣ್ಣು ಅರಳಿತು. "ನಮ್ಗೂ ಒಂದ್ ಕೊಡ್ಲಪ್ಪ! ಗಾಂಧಿ ಸರ್ಕಲ್ನಾಗೆ ಬಿಸಿಲಿಗೆ ನಿಂತೂ ನಿಂತೂ ಕಾಲು ಸೋತೋಗ್ಯಾವೆ." ಮುಂದಿನ ಸಾಲಿನಲ್ಲಿ ರೋಬೋಟ್ ಕೆಂಪಾಯಿತು ಎಂದಿತ್ತು. ಅದಕ್ಕೆ ಕೋಪ ಬಂದಿದೆ ಎಂದು ನಾನು ವಿವರಿಸಿದೆ. ಆಮೇಲೆ ಹಸಿರಾಯಿತು. ಕಾರು ಹೊರಟಿತು, ಆಗ ಹೊಳೆಯಿತು. ಆ ದೇಶದ ಇಂಗ್ಲಿಷಿನಲ್ಲಿ ಸಿಗ್ನಲ್ ದೀಪಕ್ಕೆ ರೋಬೋಟ್ ಎನ್ನುತ್ತಾರೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ನಾನು ಕಟ್ಟಿದ್ದಲ್ಲದೆ ಹಾಲೂ ಕರೆದಿದ್ದೆ. ಹಿರಿಯೂರು ಬರುವವರೆಗೆ ನಕ್ಕು ನಕ್ಕು ನರ್ಸಮ್ಮನಿಗೆ ಬಿಕ್ಕಳಿಕೆ ಹತ್ತಿತು.

ಆ ಹಂಗಾಮಿನಲ್ಲಿ ಶುರುಮಾಡಿದ ಹೊಸ ಕಾದಂಬರಿ ಕುರಿ ಸಾಕುವ ಜಮೀನುದಾರನ ಕೊಲೆಯದು. ಕಥೆ ಸರಳ. ಜಮೀನುದಾರ ಜಗಲಿಯಲ್ಲಿ ಕುಳಿತು ಪಕ್ಕದ ಹೊಲದವನಿಗೆ ಫೋನ್ ಮಾಡಿ, ಏನೋ ಮುಖ್ಯ ಮಾತಿದೆ ಬಾ ಎನ್ನುತ್ತಾನೆ. ಜಮೀನುದಾರನ ಅಕ್ಕ ಅಲ್ಲೇ ಕಾಫಿ ಸೋಸುತ್ತಿರುತ್ತಾಳೆ. ಪಕ್ಕದವನು ಈಗಲೇ ಬರುತ್ತೇನೆ ಎನ್ನುತ್ತಾನೆ. ಬಂದು ನೋಡಿದರೆ ನೀರೆತ್ತುವ ಗಾಳಿಚಕ್ರದ ಕೆಳಗೆ ಹೆಣ, ಪಕ್ಕದಲ್ಲಿ ಬೇಲಿ ಕಟ್ಟುವ ಕೂಲಿಯವನು ನಿಂತಿದ್ದಾನೆ. ಕೂಲಿಯವನನ್ನು ಠಾಣೆಯಲ್ಲಿ ಕೂರಿಸಿರುತ್ತಾರೆ. ಮೊಣಕಾಲು ನೋವಿನ ಮುದಿ ಪತ್ತೇದಾರ ಮಾತ್ರ ಅವನ ಮೇಲೆ ಕೇಸು ಹಾಕದೆ ಊರೆಲ್ಲ ಅಲೆಯುತ್ತಾನೆ.

"ಅಲ್ಲೂ ಮೊದ್ಲು ಕೂಲಿಯೋನ್ನೇ ಹಿಡೀತಾರೆ ನೋಡ್ರಿ" ಎಂದರು ನರ್ಸಮ್ಮ. ಆ ದೇಶದ ಪುಸ್ತಕಗಳಲ್ಲಿ ಈ ನೋವು ಯಾವಾಗಲೂ ಇರುತ್ತದೆ. ಹೆಣ ಒಂದು, ಅದರ ಅಡಿಯಲ್ಲಿ ಯಾರ ನೆಲ, ಯಾರ ಬೆವರು, ಯಾರು ಜಗಲಿ ಹತ್ತಬಹುದು ಎನ್ನುವ ಹಳೆಯ ಲೆಕ್ಕ. ನಮಗೆ ಅದನ್ನು ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ನರ್ಸಮ್ಮನಿಗಂತೂ ಆಮೇಲೆ ಒಂದೇ ಪ್ರಶ್ನೆ. ದಿನಾ ಬಸ್ ಹತ್ತಿದ ಕೂಡಲೇ, "ಅವನ್ನ ಬಿಟ್ರಾ?" ಎನ್ನುತ್ತಿದ್ದರು.

ಹೀಗಿರುವಾಗ ನರ್ಸಮ್ಮನಿಗೆ ವರ್ಗಾವಣೆಯಾಯಿತು. ಹೊಸದುರ್ಗದ ಕಡೆ ಮತ್ತೋಡಿನ ಆಸ್ಪತ್ರೆಗೆ. ತವರು ಹೊಳಲ್ಕೆರೆಯಾದ್ದರಿಂದ ಅವರಿಗೆ ಅದು ಒಳ್ಳೆಯದೇ, ಕೇಳಿ ಪಡೆದದ್ದೇ. "ಶನಿವಾರ ಕೊನೇ ದಿನ ಮೇಡಂ" ಎಂದು ಅವರು ಸೋಮವಾರ ಹೇಳಿದಾಗ ನಾನು ಸಂತೋಷ ಎಂದೆ. ಸಂತೋಷವೇನೂ ಆಗಲಿಲ್ಲ, ಅಳು ಬಂತು. ಇಷ್ಟು ವರ್ಷಕ್ಕೆ ಒಂದು ಜೊತೆ ಕಿವಿ ಸಿಕ್ಕಿತ್ತು, ಅದನ್ನೂ ಸರ್ಕಾರ ವರ್ಗಾಯಿಸಿತು. ಅವರಿಗೆ ಬೇರೆ ಚಿಂತೆ. "ಶನಿವಾರದೊಳಗೆ ಮುಗಿಸ್ಬೇಕು. ಅವ್ನು ಒಳಗೇ ಕುಂತಿರೋವಾಗ ನಾನ್ ಹೆಂಗ್ರಿ ಊರ್ ಬಿಡ್ಲಿ?" ಎಂದರು. ಮುಗಿಸುತ್ತೇನೆ ಎಂದು ಮಾತು ಕೊಟ್ಟೆ.

ಆದರೆ ಕಥೆ ಮುಂದೆ ಹೋಗಲೊಲ್ಲದು. ಪತ್ತೇದಾರ ಜಗಲಿಯಿಂದ ಜಗಲಿಗೆ ಹೋಗಿ, ಮಧ್ಯಾಹ್ನ ನೀವೆಲ್ಲಿದ್ದಿರಿ, ಕಾಫಿ ಎಷ್ಟು ಹೊತ್ತಿಗೆ ಆರಿತು ಎಂದೆಲ್ಲ ಕೇಳುತ್ತಾನೆ. ಕಾನ್‌ಸ್ಟೇಬಲಮ್ಮ ಹಲ್ಲು ಕಡಿದರು. "ಇವ್ನಿಗೆ ಪೆನ್ಷನ್ ಕೊಟ್ಟು ಕಳ್ಸ್ರಿ! ಫೋನ್ ಮಾಡ್ದ, ಪಕ್ಕದೋನು ಈಗ್ಲೇ ಬಂದ, ನಡುವೆ ಟೈಮೇ ಇಲ್ಲ. ಕೂಲಿಯೋನ್ ಬಿಟ್ರೆ ಯಾರು ಮಾಡ್ತಾರೆ? ಇನ್ನೇನ್ ಹುಡುಕ್ತಾನಿವ್ನು, ಕಾಫಿ ಲೋಟದಾಗೆ?" ನ್ಯಾಯವಾಗಿಯೇ ಇತ್ತು ಮಾತು. ನರ್ಸಮ್ಮ ದಿನದಿನಕ್ಕೆ ಕುಗ್ಗಿದರು. ಕೂಲಿಯವನೇ ಕೊಂದಿದ್ದರೆ ಈ ಪುಸ್ತಕವನ್ನು ಕಿಟಕಿಯಿಂದ ಎಸೆಯುತ್ತೇನೆ ಎಂದರು. ನನಗೂ ಲೇಖಕನ ಮೇಲೆ ಸಿಟ್ಟು ಬರತೊಡಗಿತ್ತು. ಇಷ್ಟು ದಡ್ಡ ಪತ್ತೇದಾರನನ್ನು ಇಟ್ಟುಕೊಂಡು ಯಾರಾದರೂ ಕಾದಂಬರಿ ಬರೆಯುತ್ತಾರೆಯೇ?

ಶುಕ್ರವಾರ ಬೆಳಗ್ಗೆ ಐಮಂಗಲದಲ್ಲಿ ಬಸ್ ನಿಂತಿತು. ರಸ್ತೆಯ ಆಚೆ ಒಬ್ಬಾಕೆ ಎಳೇ ಸೌತೆಕಾಯಿ ಮಾರುತ್ತಿದ್ದಳು. ನರ್ಸಮ್ಮ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟು, "ಈಗ ಬಂದೆ" ಎಂದು ಇಳಿದರು. ಇಳಿದವರಿಗೆ ಸೌತೆಕಾಯಿಯವಳ ಗುರುತು ಹತ್ತಿತು, ಅವಳ ಸೊಸೆಯ ಹೆರಿಗೆ ಇವರ ಕೈಯಲ್ಲೇ ಆದದ್ದಂತೆ. ಸೊಸೆ ಮಗುವನ್ನು ಎತ್ತಿಕೊಂಡು ಬಂದಳು, ನರ್ಸಮ್ಮ ಅದರ ನಾಲಗೆ ನೋಡಿದರು. ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದ. "ಇರಪ್ಪ, ಈಗ ಬಂದೆ ಅಂದು ಹೋಗ್ಯಾರೆ" ಎಂದರು ಕಾನ್‌ಸ್ಟೇಬಲಮ್ಮ. ಅವನು ಸಿಡುಕಿದ. "ಈಗ ಬಂದೆ ಅಂದೋರು ಯಾವಾಗ್ರಮ್ಮ ಈಗ ಬಂದವ್ರೆ? ನಮ್ ಚಿಕ್ಕಪ್ಪ ಈಗ ಬಂದೆ ಅಂತ ಇಲ್ಲೇ ಯಲ್ಲದಕೆರೆಗೆ ಹೋದೋನು, ದೀಪಾವಳಿಗೆ ಬಂದ."

ನಾನು ನಕ್ಕೆ. ನಮ್ಮ ಭಾಷೆಯೇ ಹಾಗೆ. ಎದ್ದು ಹೋಗುವವರು ಬಂದೆ ಎನ್ನುತ್ತೇವೆ, ಅದೂ ಭೂತಕಾಲದಲ್ಲಿ. ವ್ಯಾಕರಣದ ಪ್ರಕಾರ ಹೋದವರು ಆಗಲೇ ಬಂದು ಪಕ್ಕದಲ್ಲಿ ಕುಳಿತಿರಬೇಕು. ಪರದೇಶದವರು ಯಾರಾದರೂ ಈ ಮಾತನ್ನು ಪದಕ್ಕೆ ಪದ ಇಟ್ಟು ತಮ್ಮ ಭಾಷೆಗೆ ತಂದರೆ ಎಷ್ಟು ಪೆದ್ದರಾಗುತ್ತಾರೆ ಎಂದುಕೊಂಡೆ. ಹಾಗೆಂದುಕೊಂಡವಳಿಗೆ ಮೈ ಜುಮ್ಮೆಂದಿತು.

ತೊಡೆಯ ಮೇಲಿದ್ದ ಪುಸ್ತಕ ತೆರೆದೆ. ಪಕ್ಕದ ಹೊಲದವನು ಫೋನಿನಲ್ಲಿ ಹೇಳಿದ್ದು 'ಜಸ್ಟ್ ನೌ'. ಕಾಲೇಜಿನಲ್ಲಿ ನಾನು ಕಲಿಸುವ ಅರ್ಥವನ್ನೇ ಹಿಡಿದು ಈಗಲೇ ಎಂದಿದ್ದೆ. ಪುಟಗಳನ್ನು ಹಿಂದಕ್ಕೆ ತಿರುಗಿಸಿದೆ. ನಲ್ಲಿ ರಿಪೇರಿಯವನು 'ಜಸ್ಟ್ ನೌ' ಬರುತ್ತೇನೆ ಎನ್ನುತ್ತಾನೆ, ಮರುದಿನ ಬರುತ್ತಾನೆ. ಅಂಗಡಿಯವಳು 'ಜಸ್ಟ್ ನೌ' ಬಾಗಿಲು ಮುಚ್ಚುತ್ತೇನೆ ಎಂದು ಹೇಳಿ ಇಡೀ ಅಧ್ಯಾಯ ಹರಟುತ್ತಾಳೆ. ಎಲ್ಲಾ ಕಡೆ ನಾನು ಈಗಲೇ, ಈಗಲೇ ಎಂದು ಹೇಳಿಕೊಂಡು ಬಂದಿದ್ದೆ! ಆ ದೇಶದಲ್ಲಿ 'ಜಸ್ಟ್ ನೌ' ಎಂದರೆ ಆಮೇಲೆ ಯಾವಾಗಲೋ. ಅಂದರೆ ನಮ್ಮ 'ಈಗ ಬಂದೆ'. ಪುಸ್ತಕದಲ್ಲಿ ಗಂಟೆ ಕೊಡದೇ ಇದ್ದದ್ದು ಅದಕ್ಕೇ, ಅಲ್ಲಿನ ಓದುಗರಿಗೆ ಆ ಎರಡು ಪದ ಸಾಕು. ಪತ್ತೇದಾರ ದಡ್ಡನಲ್ಲ! ಫೋನಿಗೂ ಹೆಣಕ್ಕೂ ನಡುವೆ ಇಡೀ ಒಂದು ಮಧ್ಯಾಹ್ನ ಬಿದ್ದುಕೊಂಡಿತ್ತು, ಆ ಮಧ್ಯಾಹ್ನವನ್ನು ಚಿತ್ರದುರ್ಗ ಜಿಲ್ಲೆಯಲ್ಲಿ ನಾನೊಬ್ಬಳು ನುಂಗಿ ಕುಳಿತಿದ್ದೆ.

"ಅವನು ಆಗ್ಲೇ ಬರ್ಲಿಲ್ಲ!" ಎಂದು ಬಸ್ಸಿನಲ್ಲಿ ಎದ್ದು ನಿಂತು ಕೂಗಿದೆ. ಡ್ರೈವರ್ ತಿರುಗಿ ನೋಡಿದ. ನರ್ಸಮ್ಮ ಸೌತೆಕಾಯಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. "ಯಾರ್ರಿ?" ಎಂದರು. "ಪಕ್ಕದ ಹೊಲದವನು! ಅವನು ಹೇಳಿದ್ದು ಈಗ ಬಂದೆ!" ಅವರು ಕಂಬ ಹಿಡಿದುಕೊಂಡು ಕಿರುಚಿದರು. "ಹಂಗಾದ್ರೆ ಟೈಮ್ ಐತೆ! ಕೂಲಿಯೋನು ಆಮ್ಯಾಕೆ ಬಂದಿರ್ಬೌದು!" ಕಾನ್‌ಸ್ಟೇಬಲಮ್ಮ ಹಣೆ ಚಚ್ಚಿಕೊಂಡು, ಆ ಮುದಿ ಪತ್ತೇದಾರನಿಗೆ ಎರಡೂ ಕೈ ಮುಗಿದು ಕ್ಷಮೆ ಕೇಳಿದರು. ಸೌತೆಕಾಯಿ ಮುರಿದು ಇಡೀ ಬಸ್ಸಿಗೆ ಹಂಚಿದೆವು. ನನ್ನ ಹುಟ್ಟಿದಹಬ್ಬಕ್ಕೂ ನಾನು ಅಷ್ಟು ಖುಷಿಪಟ್ಟಿಲ್ಲ.

ಕೊಂದವನು ಪಕ್ಕದ ಹೊಲದವನೇ ಎಂದು ನಾನು ತೀರ್ಪು ಕೊಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನು, ಕೇಳದಿದ್ದರೂ ಸಮಜಾಯಿಷಿ ಕೊಡುತ್ತಿದ್ದ. ಕಾನ್‌ಸ್ಟೇಬಲಮ್ಮ ನನ್ನ ಪಕ್ಷ. ನರ್ಸಮ್ಮ ಮಾತ್ರ ತಲೆ ಅಲ್ಲಾಡಿಸಿದರು. "ಈಗ ಬಂದೆ ಅಂದ್ರೆ ಬರಲ್ಲ ಅಂತ ಗೊತ್ತಿರೋರು ತಾನೆ ಆ ಟೈಮ್ ಉಪಯೋಗಿಸ್ಕಣೋದು? ಪಕ್ಕದಾಗೆ ನಿಂತು ಕೇಳಿಸ್ಕಂಡೋರು ಯಾರು, ಅದನ್ ನೋಡ್ರಿ" ಎಂದರು. ಕಾಫಿ ಸೋಸುವ ಅಕ್ಕನ ಮೇಲೆ ಅವರ ಕಣ್ಣು. ಛೆ, ಸಾಧ್ಯವೇ ಇಲ್ಲ ಎಂದೆ ನಾನು. ಆಕೆ ಎಷ್ಟು ಸಾಧು ಹೆಂಗಸು ಎಂದು ನಾಲ್ಕು ಕಡೆಯಿಂದ ಓದಿ ತೋರಿಸಿದೆ.

ಶನಿವಾರ ಕೊನೆಯ ಪಯಣ. ಉಳಿದದ್ದು ಕೆಲವೇ ಪುಟ, ನಮ್ಮ ಬಸ್ಸಿನ ವೇಗಕ್ಕೆ ಧಾರಾಳವಾಗಿ ಸಾಕು. ಅವತ್ತು ಹೊಸ ಡ್ರೈವರ್! ಹುಟ್ಟಿದಾಗಿನಿಂದ ತಡವಾಗಿಯೇ ಹಿರಿಯೂರು ಸೇರುತ್ತಿದ್ದ ಬಸ್ಸನ್ನು ಅವನು ಬಾಣದಂತೆ ಬಿಟ್ಟ. ನಾನು ಓದುತ್ತಿದ್ದೇನೆ, ಗಾಳಿಗೆ ಪುಟ ಹಾರುತ್ತಿದೆ, ಕಾನ್‌ಸ್ಟೇಬಲಮ್ಮ "ಏ ನಿಧಾನ ಹೋಗಪ್ಪ, ಸ್ಪೀಡ್ ಕೇಸ್ ಹಾಕ್ತೀನಿ" ಎಂದು ಗದರುತ್ತಿದ್ದಾರೆ. ಪತ್ತೇದಾರ ಎಲ್ಲರನ್ನೂ ಜಗಲಿಗೆ ಕರೆದು ಕೂರಿಸಿದ, ಮೊಣಕಾಲು ಒತ್ತಿಕೊಂಡು ಕುರ್ಚಿ ಎಳೆದುಕೊಂಡ, ಬಾಯಿ ತೆರೆದ. ಹಿರಿಯೂರು ಬಸ್ ನಿಲ್ದಾಣ ಬಂತು.

ಜನ ಇಳಿದರು, ಹತ್ತುವವರು ನುಗ್ಗಿದರು. ಆಸ್ಪತ್ರೆಯಲ್ಲಿ ಅವರಿಗೆ ಬೀಳ್ಕೊಡುಗೆ, ಸಂಜೆ ಅಲ್ಲಿಂದಲೇ ನೇರ ತವರಿಗೆ, ಹೊತ್ತಾಗಿದೆ. ಎರಡು ನಿಮಿಷ ನಿಲ್ಲಿ ಎಂದೆ. ನರ್ಸಮ್ಮ ನನ್ನನ್ನು ನೋಡಿದರು, ಪುಸ್ತಕ ನೋಡಿದರು. "ನೀವು ಅವಸರಕ್ಕೆ ನಿಮಗೆ ಬೇಕಾದೋನ್ನೇ ಹಿಡ್ದು ಕೊಡ್ತೀರ. ಕೊಡ್ರಿ ಇಲ್ಲಿ" ಎಂದು ಕೈಯಿಂದ ಕಿತ್ತುಕೊಂಡರು. ಪುಸ್ತಕವನ್ನು ಯಾರಿಗೂ ಕೊಡದವಳು ನಾನು, ಗಂಡನ ಕೈಗೂ ಕೊಡುವುದಿಲ್ಲ. ಜೊತೆಗೆ ಇನ್ನೊಂದು ಮಾತು ಬಾಯಿಗೆ ಬಂತು, ಇಂಗ್ಲಿಷ್ ಕಾದಂಬರಿ ಓದಿ ರೂಢಿಯಿಲ್ಲ ಎಂದು ಅವರೇ ಹೇಳಿದ್ದರಲ್ಲ ಎಂದು. ಅಷ್ಟರಲ್ಲಿ ಅವರು ಅದನ್ನು ಬ್ಯಾಗಿಗೆ ತುರುಕಿ, ನನ್ನ ಕೆನ್ನೆಯನ್ನು ಒಮ್ಮೆ ಗಟ್ಟಿಯಾಗಿ ಸವರಿ ಗುಂಪಿನೊಳಗೆ ಹೋಗಿಬಿಟ್ಟರು. ಕೊಲೆಗಾರ ಯಾರೆಂದು ಗೊತ್ತಿಲ್ಲದೆ, ಪುಸ್ತಕವೂ ಇಲ್ಲದೆ, ಕೇಳುವವರೂ ಇಲ್ಲದೆ ನಾನು ನಿಂತಿದ್ದೆ. ಬೇರೊಂದು ಪ್ರತಿ ತರಿಸಿಕೊಳ್ಳಬಹುದಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ.

ಒಂದು ವಾರ ಫೋನಿಲ್ಲ. ಬಸ್ಸಿನಲ್ಲಿ ನಾವಿಬ್ಬರು ಆ ಖಾಲಿ ಸೀಟಿಗೆ ಬ್ಯಾಗ್ ಇಟ್ಟು ಕೂರುತ್ತಿದ್ದೆವು. ಆಮೇಲಿನ ಸೋಮವಾರ, ದುರ್ಗ ದಾಟುತ್ತಿದ್ದ ಹಾಗೆ ನನ್ನ ಫೋನ್ ಹೊಡೆದುಕೊಂಡಿತು. "ಕಾನ್‌ಸ್ಟೇಬಲಮ್ಮ ಅದಾರಾ? ಸ್ಪೀಕರ್ ಹಾಕ್ರಿ" ಎಂದಿತು ಆ ದನಿ. ಹಾಕಿದೆ. ಯಾರು ಕೊಂದದ್ದು ಹೇಳಿಬಿಡಿ ಎಂದೆ. "ಹಂಗೆಲ್ಲ ಹೇಳಕ್ಕಾಗಲ್ಲ. ಜಗಲಿಯಿಂದ ಬರ್ತೀನಿ, ಸುಮ್ನೆ ಕೇಳ್ರಿ" ಎಂದು ಶುರುಮಾಡಿದರು.

ಎಷ್ಟು ಚೆನ್ನಾಗಿ ಹೇಳಿದರು! ನಾನು ಅವಸರದಲ್ಲಿ ಹಾರಿಸುತ್ತಿದ್ದ ಗಾಳಿ, ಬಿಸಿಲು, ಕುರ್ಚಿಯ ಕಿರುಗು ಎಲ್ಲ ಅವರ ಬಾಯಲ್ಲಿ ಇತ್ತು. ಪತ್ತೇದಾರ ಪಕ್ಕದ ಹೊಲದವನ ಕಡೆ ತಿರುಗಿದ, ನಾನು ಉಸಿರು ಹಿಡಿದೆ. ತಟ್ಟನೆ ಅವರು ನಿಲ್ಲಿಸಿದರು. "ಏನ್ರಿ, ಕಥೆ ಕೇಳೋರು ಹೂಂಗುಟ್ಟಬೇಕು ಅಂತ ಗೊತ್ತಿಲ್ವಾ? ಹೂಂ ಅನ್ನದಿದ್ರೆ ನಾನ್ ಹೇಳಲ್ಲ" ಎಂದರು. ಅಜ್ಜಿಯ ತೊಡೆ ಬಿಟ್ಟ ಮೇಲೆ ಯಾರ ಕಥೆಗೂ ಹೂಂಗುಟ್ಟಿದವಳಲ್ಲ ನಾನು. "ಹೂಂ" ಎಂದೆ. ಕಾನ್‌ಸ್ಟೇಬಲಮ್ಮನೂ "ಹೂಂ" ಎಂದರು.

"ಅವ್ನ ಮುಖ ನೋಡ್ಕಂಡೇ ಕೇಳ್ದ, ನಿನ್ ಮಾತು ಫೋನ್ನಾಗೆ ಬ್ಯಾರೆ ಯಾರಿಗ್ ಕೇಳಿಸ್ತಿತ್ತು ಅಂತ."

"ಹೂಂ."

"ಅಕ್ಕನ ಕೈಯಾಗಿನ ಲೋಟ ನಡುಗ್ತು."

"ಹೂಂ!"

"ಕೂಲಿಯೋನ್ನ ಬಿಟ್ಟು ಕಳಿಸಿದ್ರು ಮೇಡಂ. ಅವ್ನು ನಡ್ಕಂಡೇ ಊರಿಗ್ ಹೋದ. ಅದನ್ನ ನಾನು ಮೂರ್ ಸಲ ಓದ್ದೆ, ಸರಿಯಾಗ್ ತಿಳ್ಕಂಡಿದೀನೋ ಇಲ್ವೋ ಅಂತ. ಮೂರ್ ಸಲಾನೂ ಬಿಟ್ರು." ಕಾನ್‌ಸ್ಟೇಬಲಮ್ಮ ಮೂಗು ಒರೆಸಿಕೊಂಡರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನನ್ನ ಊಹೆ ಮಣ್ಣುಮುಕ್ಕಿದ್ದು ಕೂಡ ಮರೆತುಹೋಯಿತು. ಪೂರ್ತಿ ಒಬ್ಬರೇ ಓದಿದಿರಾ ಎಂದು ಕೇಳಿದೆ.

"ಮತ್ಯಾರ್ ಓದಿಕೊಡ್ತಾರ್ರಿ ಇಲ್ಲಿ? ಅದಕ್ಕೇ ಒಂದ್ ವಾರ ಹಿಡೀತು" ಎಂದರು. ಆಮೇಲೆ, "ಪುಸ್ತಕ ಮಾತ್ರ ವಾಪಸ್ ಕೇಳ್ಬೇಡ್ರಿ. ಹೊಸದುರ್ಗದ ಬಸ್ನಾಗೆ ನಾನೂ ಶುರು ಮಾಡೀನಿ. ನಾಲ್ಕ್ ಜನ ಹೂಂ ಅಂತಾರೆ" ಎಂದರು.